ಲಾಡ್ಲೆಸಾಬ ಇಟ್ಟ ಕಲ್ಲು

ಕಲ್ಲು ನೋಡಬ್ಯಾಡಲೇ, ಕೇಳು, ಅಂತಿದ್ದ.
ಶಹಾಬಾದದ ಖಣಿಯೊಳಗ, ನನಗಾಗ ಹದಿನಾಲ್ಕು.
ಛೆಣ್ಣಿ ಹಿಡಿದ ಕೈ ನಡುಗಿದ್ರ ಸುತ್ತಿಗಿ ಕಸಗೊಂಡು
ತಾನೇ ಟಕ್ ಅನಿಸಿ, ಕಿವಿ ಹಚ್ಚಿ,
ಇಲ್ಲಿ ಒಳಗ ಇನ್ನೊಂದು ಪದರದ, ಮಲಗ್ಯದ,
ಸಾವಕಾಶ ಎಬ್ಬಿಸು, ಅಂತಿದ್ದ.
ಬೆದರಿದ್ರ ಒಡಿತದ.

ಹಂಚಿನ ಮ್ಯಾಲ ಉಬ್ಬಿದ ರೊಟ್ಟಿ
ಅವ್ವ ಬೆರಳಿಲೆ ಬಿಚ್ಚಿದಂಗ
ಅವನ ಕೈಯಾಗ ಫರ್ಸಿ ಬಿಚ್ಚತಿತ್ತು.
ಒಳಗಿನ ಮೈ ನೀಲಿ, ತಣ್ಣಗ,
ಯಾರೂ ಇನ್ನೂ ನೋಡದ ಮೈ.
ಅದರ ಮ್ಯಾಲ ಕೈ ಇಟ್ಟು ನಾ ಸುಮ್ನ ನಿಂತ್ರ
ಸಾಕು ಮುದ್ದು ಮಾಡೋದು, ಲಾರಿ ಬಂತು,
ಅಂತ ಬೈತಿದ್ದ.

ಇಪ್ಪತ್ತಾರು ವರ್ಷ ಬೈಸಿಕೊಂಡೀನಿ.

ಹೋದ ಮಾಘದಾಗ ಅವನ ಕೆಮ್ಮು ನಿಂತಿತು.
ನಿಂತದಂತ ಸುದ್ದಿ ಕೇಳಿ
ಖುಷಿಲೆ ಒಂದು ಚರಗಿ ಹಾಲು ತಗೊಂಡು ಹೋದ್ರ
ಅಂಗಳದಾಗ ಚಪ್ಪಲಿ ಬಾಳ ಇದ್ವು.

ಮಣ್ಣು ಕೊಟ್ಟು ಬಂದ ಮರುದಿನ ಮಗ ಚಾಂದಪೀರ
ಮನಿ ಹಿಂದ ಕರಕೊಂಡು ಹೋದ.
ಬೇವಿನ ಬುಡಕ್ಕ ಆನಿಸಿಟ್ಟ ಕಲ್ಲು,
ನಾಕು ಫೂಟ ಉದ್ದ, ಎರಡು ಅಗಲ,
ಒಂದು ಕಲಿ ಇಲ್ಲ, ಒಂದು ಗೀರಿಲ್ಲ.
ಗೊತ್ತಿತ್ತು ನನಗ ಆ ಕಲ್ಲು.
ಹಳಿ ಖಣಿಗಿ ನೀರು ತುಂಬೋ ಹಿಂದಿನ ದಿನ
ಇಬ್ಬರೂ ಹೊತ್ತು ತಂದದ್ದು.
ಯಾತಕ್ಕ ಉಸ್ತಾದ, ಅಂದ್ರ
ಛಲೋ ಕೆಲಸ ಬರ್ಲಿ ತಡಿ, ಅಂದಿದ್ದ.

ಹತ್ತೊಂಬತ್ತು ವರ್ಷ.
ಮಗಳ ನಿಕಾಹ ಬಂತು, ಹೊಸ ಅಡಗಿಮನಿ ಬಂತು,
ದರ್ಗಾದ ಮೆಟ್ಟಲಿನ ಕೆಲಸ ಸುದ್ದಾ ಬಂತು.
ಪ್ರತಿ ಸಲ ಕಲ್ಲಿನ ಮುಂದ ನಿಂತು, ಬೆನ್ನು ಸವರಿ,
ಇದಕ್ಕಲ್ಲ, ಅಂತ ತಿರುಗಿ ಬರ್ತಿದ್ದ.
ಎಲ್ಲಾ ಕಲಿಸಿದ ಮನುಷ್ಯಾ
ಇದೊಂದು ಹೊಡ್ತ ಹೊಡಿಲಿಲ್ಲ.

ಗೋರಿ ತಲಿಗಿ ನಿಲ್ಲಸೋಣೇನು, ಅಂದ ಚಾಂದಪೀರ.
ಬ್ಯಾಡ, ಅಂದೆ. ನಿಮ್ಮಪ್ಪನೇ ಅಂದಿದ್ದ,
ಜಿಂದಗಿ ತುಂಬಾ ಕಲ್ಲಿನ ಮ್ಯಾಲ ನಾ ಕುಂತೀನಿ,
ಸತ್ತ ಮ್ಯಾಲ ಅದು ನನ್ನ ಮ್ಯಾಲ ಕೂಡೋದು ಬ್ಯಾಡ.

ಟಂಟಂನಾಗ ಹಾಕ್ಕೊಂಡು ಬಂದು
ನನ್ನ ಗೋಡಿಗಿ ಆನಿಸಿದೆ.
ಯುಗಾದಿ ಹೋತು, ಕಾರಹುಣ್ಣಿಮಿ ಹೋತು.
ಕಲ್ಲಿನ ಕೆಳಗ ಚೇಳು ಸಂಸಾರ ಹೂಡಿತು.
ಮಗ್ಗಲಿಗೇ ನನ್ನ ಪತ್ರಾಸಿನ ಹಾಳಿಗಳು,
ವಾಡಿ ರಸ್ತಾಕ್ಕ ಸ್ವಂತದೊಂದು ಶೆಡ್ ಹಾಕ್ತೀನಂತ
ಹನ್ನೊಂದು ವರ್ಷದ ಹಿಂದ ತಂದವು,
ಜಂಗು ಹಿಡಿದು ಕೆಂಪಗಾಗಿದ್ವು.
ದಿನಾ ಮುಂಜಾನಿ ಕಲ್ಲಿನ ಬೆನ್ನು ಸವರತಿದ್ದೆ.
ಕಸ ಹೊಡಿಯೋ ನಾಗಮ್ಮ ಸೊಂಟ ನೆಟ್ಟಗ ಮಾಡಿ ಅಂದ್ಳು:
ಥೇಟ ನಿಮ್ಮ ಉಸ್ತಾದನೇ ಆಗೀದಿ.
ಕೆಮ್ಮೊಂದು ಕಡಿಮಿ.

ಅವತ್ತು ರಾತ್ರಿ ನಿದ್ದಿ ಬರಲಿಲ್ಲ.
ನಸುಕಿನಾಗ ಮದ್ರಾಸ ಕಡಿ ಹೋಗೋ ಗಾಡಿ
ಕಾಗಿಣಾ ದಾಟೋ ಸಪ್ಪಳ ಕೇಳಿ ಎದ್ದೆ.
ಚೇಳಿಗಿ ದಾರಿ ಬಿಟ್ಟು ಕಲ್ಲು ಮಲಗಿಸಿದೆ.
ಟಕ್. ಕೇಳಿದೆ. ಇನ್ನೊಂದು ಸಲ ಟಕ್.
ಛೆಣ್ಣಿ ಇಟ್ಟು ಹೊಡೆದೆ.

ಬಿಚ್ಚಿತು,
ಮುಕ್ಕಾಲು ಬಿಚ್ಚಿ, ತುದಿಗಿ ಬಂದು
ಒಂದು ಮೂಲಿ ಮುರಿದು ಬಿತ್ತು.

ಬೈಗುಳಕ್ಕಂತ ಹಿಂದ ತಿರುಗಿದೆ.
ಬಚ್ಚಲದಾಗ ನಳದ ನೀರು, ದೂರ ಒಂದು ನಾಯಿ.
ಬೈಗುಳ ಬರಲಿಲ್ಲ.
ನಾಕು ತಿಂಗಳು ಬರದ ಅಳು
ಅಲ್ಲೇ, ಕುಕ್ಕರಗಾಲಿಲೆ ಕುಂತಲ್ಲೇ, ಬಂತು.
ಒರೆಸಿಕೊಂಡು ನೋಡ್ತೀನಿ,
ಎದುರಿಗಿ ಎರಡು ನೀಲಿ ಮೈ, ತಣ್ಣಗ,
ಲಾಡ್ಲೆಸಾಬ ಸುದ್ದಾ ನೋಡಿರಲಿಲ್ಲ ಇವನ್ನ.
ಕೈ ಇಟ್ಟೆ. ಲಾರಿ ಬಂತು ಅನ್ನೋರಿಲ್ಲ.
ನಾನೇ ಅಂದೆ, ಸಾಕು, ಏಳು.

ಸೋಮಾರ ಶೆಡ್ ಎದ್ದದ.
ಪತ್ರಾಸಿಗಿ ಅಲ್ಲಲ್ಲಿ ತೂತು,
ಬಿಸಿಲು ನಾಣ್ಯ ನಾಣ್ಯ ಆಗಿ ಬೀಳ್ತದ.
ಒಂದು ಪದರ ಚಾಂದಪೀರನ ಹೊಸ್ತಲಕ್ಕ ಕೊಟ್ಟೀನಿ.
ಇನ್ನೊಂದು ನನ್ನ ಕಟ್ಟಿ.
ಗಿರಾಕಿ ಬಂದವರು ಕೇಳ್ತಾರ,
ಕಲ್ಲಿನ ಅಂಗಡ್ಯಾಗ ಕಟ್ಟೀಗೇ ಮೂಲಿ ಇಲ್ಲಲ್ಲೋ ಭೀಮಶಾ?

ಇರ್ಲಿ ಬಿಡ್ರಿ.
ಚಹಾ ಇಡೋಷ್ಟು ಜಾಗ ಅದ.
ಅಳತಿ ಹೇಳ್ರಿ, ಮೊದಲ.