ಅದಲ್ಲ ನಾನು ಕೇಳಿದ್ದು

ಮಂಗಳವಾರ, ಗುರುವಾರ, ಶನಿವಾರ
ನಾಲ್ಕು ಗಂಟೆ ನನ್ನ ರಕ್ತ ಊರು ಸುತ್ತಿ ಬರುತ್ತಿತ್ತು.
ಅಶೋಕಪುರದ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ನಾನು,
ವಾಲ್ವು, ಪೈಪು, ಪ್ರೆಶರ್ ಬಲ್ಲವನು;
ನನ್ನ ಕೊಳವೆಗಳನ್ನೇ ಬೇರೆಯವರು ಬಿಚ್ಚಿ ಜೋಡಿಸುವಾಗ
ಫ್ಯಾನಿನ ಸುತ್ತು ಎಣಿಸುತ್ತಿದ್ದೆ.

ನೀರು ಕೇಳಿದರು: ದಿನಕ್ಕೆ ಅರ್ಧ ಲೀಟರು.
ತೂಕ ಕೇಳಿದರು. ರಸಬಾಳೆ ತಿಂದೆಯಾ ಎಂದು ಗದರಿದರು.
ಎಳನೀರು ಮುಟ್ಟಬೇಡ, ಸೊಪ್ಪು ಬೇಯಿಸಿದ ನೀರು ಚೆಲ್ಲು.
ಆರು ವರ್ಷದಲ್ಲಿ ಒಬ್ಬರೂ ಕೇಳದ್ದು ಒಂದಿತ್ತು,
ಅದು ನಮ್ಮ ಮಂಚದ ನಡುವೆ
ಮಡಿಸಿಟ್ಟ ಕಂಬಳಿಯಂತೆ ಬಿದ್ದಿರುತ್ತಿತ್ತು.

ರಾಜಮಣಿ ಒಂದು ಮಾತೂ ಆಡಲಿಲ್ಲ.
ಎಡತೋಳಿನ ಫಿಸ್ಟುಲಾಕ್ಕೆ ಕಿವಿಯಿಟ್ಟು
'ಜೇನುಗೂಡು ಇದ್ದಂಗಿದೆ ಕಣ್ರೀ' ಅಂದವಳು
ಹಾಗೇ ನಿದ್ದೆಹೋದಳು.
ತೋಳಲ್ಲಷ್ಟೇ ಆ ಗುಂಯ್.
ಉಳಿದ ಮೈ, ಸೈರನ್ ಆದ ಮೇಲಿನ ವರ್ಕ್‌ಶಾಪು.

ಅವಳು ಬಚ್ಚಲಿಗೆ ಹೋದಾಗ
ನನ್ನನ್ನು ನಾನೇ ಪರೀಕ್ಷಿಸಿಕೊಂಡಿದ್ದಿದೆ,
ಕರೆಂಟು ಬಂತಾ ಎಂದು ಸ್ವಿಚ್ಚು ಒತ್ತುವವನಂತೆ.

ಆಮೇಲೆ ಹೊಸ ಡಾಕ್ಟರು ಬಂದಳು, ನನ್ನ ತಂಗಿಯ ವಯಸ್ಸು.
'ಮನೆಯವರ ಜೊತೆ ಹೇಗಿದ್ದೀರಿ ಸಿದ್ದರಾಜು?'
'ಚೆನ್ನಾಗವ್ರೆ ಮೇಡಂ, ಬಿಪಿ ಕೂಡ ಇಲ್ಲ.'
ಪೆನ್ನು ಕೆಳಗಿಟ್ಟಳು. 'ಅದಲ್ಲ ನಾನು ಕೇಳಿದ್ದು.'
ನನ್ನ ಕಿವಿ ಕಾದ ರಿವೆಟ್ಟು.
ಉಪ್ಪಿನ ಬಗ್ಗೆ ಹೇಳುವ ದನಿಯಲ್ಲೇ ಹೇಳಿದಳು:
ಇದೂ ಕಾಯಿಲೆಯದೇ ಒಂದು ಭಾಗ, ಹಾರ್ಮೋನು ಇಳಿದಿದೆ,
ನೀವು ಗಂಡಸಲ್ಲ ಎಂದು ಯಾವ ರಿಪೋರ್ಟೂ ಬರೆದಿಲ್ಲ.
ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನಲ್ಲಿ ಅತ್ತುಬಿಟ್ಟೆ.

ಕಿಡ್ನಿ ಕೊಟ್ಟಿದ್ದು ದೊಡ್ಡಕ್ಕ.
ಬಲಗಡೆ ಕೆಳಹೊಟ್ಟೆಯಲ್ಲಿ, ಕೈಯಿಟ್ಟರೆ ಸಿಗುವ ಹಾಗೆ.
ಮೂರನೇ ತಿಂಗಳು, ಒಂದು ಬೆಳಗಿನ ಜಾವ,
ಮೈ ತಾನಾಗಿ ಎದ್ದು ಕೂತಿತ್ತು.
ಸಂತೋಷಕ್ಕಿಂತ ಮೊದಲು ಬಂದದ್ದು ನಾಚಿಕೆ:
ಅಕ್ಕ ಒಳಗಿದ್ದಾಳಲ್ಲ!
ರಾಜಮಣಿಗೆ ಹೇಳಿದೆ. ಎಷ್ಟು ನಕ್ಕಳೆಂದರೆ
ಪಕ್ಕದ ಮನೆಯ ನಾಯಿ ಬೊಗಳಿತು.
'ಆ ಕಡೆ ತಿರುಗಿ ಮಲಗಕ್ಕೆ ಹೇಳಿ ನಿಮ್ಮಕ್ಕಂಗೆ.'

ಮಗು? ಮಾತ್ರೆಯೊಂದನ್ನು ಬದಲಾಯಿಸಿದ್ದಾರೆ, ಕಾಯಿರಿ ಅಂದಿದ್ದಾರೆ.
ಲ್ಯಾಬಿನವನು ಮುಖ ನೋಡದೆ ಮುಚ್ಚಳದ ಡಬ್ಬಿ ಕೊಟ್ಟ.
ಎಣಿಕೆ ಕಡಿಮೆ. ಸೊನ್ನೆಯಲ್ಲ.
ಆ ಚೀಟಿ ರೇಷನ್ ಕಾರ್ಡಿನೊಳಗಿದೆ.

ನಿನ್ನೆ ಮತ್ತೆ ತೋಳಿಗೆ ಕಿವಿಯಿಟ್ಟಳು, ಹಳೇ ಅಭ್ಯಾಸ.
ಜೇನು ಸಣ್ಣಗಾಗಿದೆ ಅಂದಳು.
ನಾನು ಚೊಂಬೆತ್ತಿ ಗಟಗಟ ನೀರು ಕುಡಿದೆ,
ಅರ್ಧ ಅವಳ ಕತ್ತಿನ ಮೇಲೆ ಚೆಲ್ಲಿತು.
ಇಬ್ಬರೂ ಒರೆಸಲಿಲ್ಲ.