ಕೆಂಪಿನದು, ನೀಲಿಯದು

ವೆಲೆನ್ಸಿಯಾದ ಆಲ್ವಿನ್ ರೆಬೆಲ್ಲೊ ಕೆಂಪಿನದನ್ನು ಮಾರುವುದು
ಬೆನ್ನುನೋವಿಗೆ.
ಬಂದರದ ಇಸ್ಮಾಲಿ ನೀಲಿಯದನ್ನು ಮಾರುವುದು
ಮನೆಯಲ್ಲಿ ಅವಳಿ ಮಕ್ಕಳಾದವು ಅಂತ.
ಅದರ ಸಿಲಿಂಡರೂ ಎರಡೇ. ಇದನ್ನವನು ಮೂರು ಸಲ ಹೇಳಿ
ಮೂರು ಸಲವೂ ತಾನೇ ನಕ್ಕ.

ಒಂದೊಂದು ಶನಿವಾರ ಒಂದೊಂದು. ಕೀ ನನ್ನ ಕೈಗೆ,
ನನ್ನ ಸ್ಕೂಟರು ಅವರ ಅಂಗಳದಲ್ಲಿ ಅಡವು.

ಕೆಂಪಿನದಕ್ಕೆ ನಾಲ್ಕು ಸಿಲಿಂಡರು, ಸಾವಿರ ಚಿಲ್ಲರೆ ಸಿಸಿ.
ಪಣಂಬೂರಿನ ಗೇಟು ದಾಟಿ (ಅಲ್ಲೇ ನನ್ನ ಕೆಲಸ,
ಹಡಗಿನಿಂದಿಳಿದ ಗೊಬ್ಬರದ ಚೀಲ ಎಣಿಸುವುದು)
ಸುರತ್ಕಲ್ ಬಿಟ್ಟ ಮೇಲೆ ಹೆದ್ದಾರಿ ಖಾಲಿ ಸಿಕ್ಕಿತು,
ಬೆಳಗಿನ ಐದೂಮುಕ್ಕಾಲು.
ಮೂರನೇ ಗೇರು. ಮಣಿಕಟ್ಟು ಸ್ವಲ್ಪವೇ ತಿರುಗಿಸಿದೆ.
ಹಳೆಯಂಗಡಿಯ ಬೋರ್ಡು ಓದುವ ಮೊದಲೇ ಹಿಂದೆ ಹೋಯಿತು.
ಮುಲ್ಕಿ ಸೇತುವೆಯ ಕೆಳಗೆ ಹೊಳೆ ಇತ್ತೋ ಇಲ್ಲವೋ,
ನೋಡಲಿಲ್ಲ.
ಹೊಟ್ಟೆಯೊಳಗಿನ ಯಾವುದೋ ಒಂದು ಸಾಮಾನು
ಪಡುಬಿದ್ರಿಯ ತನಕ ನನ್ನಿಂದ ಎರಡು ಮಾರು ಹಿಂದೆ
ಓಡೋಡಿ ಬರುತ್ತಿತ್ತು.

ವಾಪಸು ಬರುವಾಗ ಹತ್ತೂವರೆ. ಪಂಪ್‌ವೆಲ್.
ಮುಂದೆ ಸಿಟಿ ಬಸ್ಸು, ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು
‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್.’
ಇಂಜಿನ್ನಿನ ಬಿಸಿಗೆ
ತೊಡೆಯ ಮೇಲೆ ಓಡುದೋಸೆ ಹುಯ್ಯಬಹುದಿತ್ತು.
ನೆಲಕ್ಕೆ ತಾಗಿದ್ದು ಎರಡು ಹೆಬ್ಬೆರಳು ಮಾತ್ರ.
ಐದಡಿ ಒಂದಿಂಚಿನವಳ ಕೈಯಲ್ಲಿ ಇನ್ನೂರೈವತ್ತು ಕೆಜಿ;
ಒಮ್ಮೆ ವಾಲಿತೆಂದರೆ ಅದು ನನ್ನದಲ್ಲ, ಭೂಮಿಯದು.

ನೀಲಿಯದು ಮೊದಲೇ ಒಪ್ಪಿಕೊಳ್ಳುತ್ತದೆ, ನನ್ನಲ್ಲಿ ಅಷ್ಟೆಲ್ಲ ಇಲ್ಲವೆಂದು.
ಟ್ಯಾಂಕರ್ ಹಿಂದೆ ಹಾಕಲು ಒಂದು ಗೇರು ಇಳಿಸಬೇಕು,
ಒಂದು ಉಸಿರು ಕಾಯಬೇಕು.
ಆದರೆ ಮರವೂರು ದಾಟಿ ಕೆಂಜಾರಿನ ಏರುತಿರುವು?
ನಾನು ನೋಡಿದ ಕಡೆಗೆ ಅದೂ ನೋಡಿತು.
ಹ್ಯಾಂಡಲ್ ತಿರುಗಿಸಲಿಲ್ಲ. ಮನಸ್ಸು ಮಾಡಿದೆ, ಅಷ್ಟೆ.
ಕೆಂಪಿನದನ್ನು ಇದೇ ತಿರುವಿನಲ್ಲಿ
ಯಾರ್ಡಿನಲ್ಲಿ ಲಾರಿ ರಿವರ್ಸ್ ತೆಗೆಸುವ ಹಾಗೆ ಒಲಿಸಿದ್ದೆ:
ಬಾ, ಬಾ, ಇನ್ನೂ ಸ್ವಲ್ಪ, ಸಾಕು ಸಾಕು ಸಾಕು.

ಕೊನೆಗೆ ಅಪ್ಪಿ ದೊಡ್ಡಮ್ಮನನ್ನು ಕೂರಿಸಿದೆ.
ನಲವತ್ತೆರಡು ವರ್ಷ ಬೀಡಿ ಕಟ್ಟಿದವಳು,
ಈಗ ವಾರಕ್ಕೊಮ್ಮೆ ಕಣ್ಣಿನ ಡಾಕ್ಟರು.
‘ಗಂಡಸರ ಹಾಗೆಯೇ ಕೂರುತ್ತೇನೆ, ನನ್ನನ್ನು ಯಾರು ನೋಡುವುದು’
ಎಂದು ಸೀರೆಯನ್ನು ಮೊಣಕಾಲಿಗೆತ್ತಿ ಹತ್ತಿದಳು, ಎರಡಕ್ಕೂ.

ಕೆಂಪಿನದರ ಮೇಲೆ ಕಂಕನಾಡಿಯಿಂದ ಉರ್ವದವರೆಗೆ ಮಾತೇ ಇಲ್ಲ.
ಇಳಿದು ಸೆರಗು ಕೊಡವಿ ಹೇಳಿದ್ದು:
‘ಇದು ಬೀಡಿ ಡಿಪೋದ ಚೆಕ್ಕರ್‌ನ ಹಾಗೆ ಮಾರಾಯ್ತಿ.
ಎಷ್ಟು ಕೊಟ್ಟರೂ ಇನ್ನೂ ತಾ, ಇನ್ನೂ ತಾ ಅನ್ನುತ್ತದೆ.’
ನೀಲಿಯದರ ಮೇಲೆ
ಲೇಡಿಹಿಲ್ ಹತ್ತಿರ ನನ್ನ ಹೆಲ್ಮೆಟ್ಟಿಗೆ ಟಕ್. ಮತ್ತೆ ಟಕ್.
ನಿದ್ದೆ!
ಎದೆ ಹಾರಿತು. ಎಬ್ಬಿಸಲೂ ಮನಸ್ಸು ಬರಲಿಲ್ಲ.
ಒಂದು ಕೈ ಹಿಂದೆ ಹಾಕಿ ಅವಳ ಮೊಣಕಾಲು ಹಿಡಿದು
ಇಪ್ಪತ್ತರಲ್ಲೇ ಹೋದೆ. ಬೈಕು ಅದಕ್ಕೂ ಸಿಡುಕಲಿಲ್ಲ.

ನೀಲಿಯದನ್ನೇ ತಂದೆ.
ಇಸ್ಮಾಲಿ ಹತ್ತು ಸಾವಿರ ಬಿಟ್ಟ,
ಡೈಪರಿನ ಲೆಕ್ಕ ಹೇಳಿ ಐದು ವಾಪಸು ಕೇಳಿದ. ಕೊಟ್ಟೆ.
ಬದಿಯ ಪೆಟ್ಟಿಗೆಗಳಲ್ಲಿ ಬಂಗುಡೆ, ರೈನ್‌ಕೋಟು, ಕಣ್ಣಿನ ಔಷಧದ ಚೀಟಿ,
ಎಲ್ಲ ಹಿಡಿಯುತ್ತದೆ. ದಿನಾ ಹೋಗುತ್ತದೆ, ದಿನಾ ಬರುತ್ತದೆ.
ಅಂಗಾಲು ಪೂರ್ತಿ ನೆಲಕ್ಕೆ. ತಕರಾರಿಲ್ಲ.

ಮೊನ್ನೆ ನಂತೂರಿನಲ್ಲಿ ಪೊಲೀಸಿನವ ಕೈ ತೋರಿಸಿದಾಗ
ಪಕ್ಕದಲ್ಲಿ ಬಂದು ನಿಂತಿತು.
ಅದೇ ಕೆಂಪು, ಟ್ಯಾಂಕಿನ ಮೇಲೆ ಅದೇ ಸಣ್ಣ ಗೀರು.
ಮೇಲೆ ಯಾರೋ ಉದ್ದದ ಹುಡುಗ.
ನಾನು ಬೇರೆ ಕಡೆ ನೋಡಿದೆ.
ಪೊಲೀಸಿನವ ಕೈ ಇಳಿಸಿದ.
ಕೆಪಿಟಿಯ ಕಡೆಗೆ ಅದೊಂದು ಚುಕ್ಕೆಯಾಗುವಷ್ಟರಲ್ಲಿ
ಹೊಟ್ಟೆಯೊಳಗಿನ ಆ ಸಾಮಾನು
ನನ್ನನ್ನು ಬಿಟ್ಟು ಎರಡು ಮಾರು ಮುಂದೆ ಓಡಿಯಾಗಿತ್ತು.

‘ಎಂತ, ಹೋಗುವುದಿಲ್ಲವಾ?’
ಹಿಂದಿನಿಂದ ದೊಡ್ಡಮ್ಮ.