ಕಿವಿಗಲ್ಲು

ನಮ್ಮೂರ ಹೆಸರು ಒಂದೇ ಅಕ್ಷರ: ಓ.
ಲೊಫೋಟೆನ್ನಿನ ತುದಿಯಲ್ಲಿ, ರಸ್ತೆ ಮುಗಿಯುವಲ್ಲಿ,
ಯಾರೋ ಕೂಗಿದ್ದಕ್ಕೆ ಓಗೊಟ್ಟು
ಅಲ್ಲೇ ನಿಂತುಬಿಟ್ಟಂತೆ.

ಹತ್ತೊಂಬತ್ತರಲ್ಲಿ ನಾನೂ ಗಂಡಸರ ಜೊತೆ
ಮೀನೊಣಗಿಸುವ ಗಳದ ಅಟ್ಟ ಹತ್ತಿದಾಗ
"ಗುನ್‌ವೋರ್‌ಗೆ ತಲೆ ತಿರುಗಿದೆ" ಅಂದಿದ್ದರು.
ತಿರುಗಿರಲಿಲ್ಲ. ಎರಡಾಳೆತ್ತರದಲ್ಲಿ,
ಹಿಮ ಕಚ್ಚಿದ ಮರದ ಮೇಲೆ,
ಬಾಲಕ್ಕೆ ಬಾಲ ಕಟ್ಟಿದ ಕಾಡ್ ಮೀನಿನ ಜೋಡಿ ಹಿಡಿದು
ನಲವತ್ತನಾಲ್ಕು ಚಳಿಗಾಲ ನಡೆದೆ.
ಒಮ್ಮೆಯೂ ಕೆಳಗೆ ನೋಡಿದ್ದಿಲ್ಲ ಎಂದರೆ ಸುಳ್ಳು.
ನೋಡುತ್ತಿದ್ದೆ. ಕಾಲಿಗೆ ಗೊತ್ತಿರುತ್ತಿತ್ತು.

ಈ ಮಾರ್ಚಿನಲ್ಲಿ ಒಂದು ಬೆಳಗ್ಗೆ
ಹಾಸಿಗೆಯಲ್ಲಿ ಬಲಕ್ಕೆ ಹೊರಳಿದೆ, ಅಷ್ಟೆ.
ಕಿಟಕಿ ಎದ್ದು ಸೂರಿಗೆ ಹೋಯಿತು,
ಸೂರು ಗೋಡೆಯಾಯಿತು, ಗೋಡೆ ಮತ್ತೆ ಕಿಟಕಿ.
ಮಂಚದ ಕಾಲನ್ನು ಹಿಡಿದೆ,
ಬುಗುರಿಯ ಮೊಳೆ ಹಿಡಿದಂತೆ.
ಮೂವತ್ತು ಎಣಿಸುವಷ್ಟರಲ್ಲಿ ಎಲ್ಲವೂ ಸ್ವಸ್ಥಾನ.
ಎದ್ದು ವಾಂತಿ ಮಾಡಿ, ಕಾಫಿಗೆ ನೀರಿಟ್ಟೆ.

ಮೊದಲು ನೆನಪಾದದ್ದು ಅಣ್ಣ ಓಡ್‌ವರ್.
ಅವನದು ಬೇರೆ ಕಾಯಿಲೆ: ಕಿವಿಯೊಳಗೆ ನೀರುಬ್ಬಿ
ಅರ್ಧ ದಿನ ಲೋಕ ಸುತ್ತುವುದು, ಎಡಗಿವಿಯಲ್ಲಿ
ನಿಲ್ಲದ ಎಂಜಿನ್ನು, ಪ್ರತಿ ಸಲವೂ
ನಮ್ಮ ಮಾತು ಅವನಿಗೆ ಇನ್ನಷ್ಟು ದೂರ.
ಉಪ್ಪು ಬಿಡಿ ಎಂದರು ಡಾಕ್ಟರು.
ಉಪ್ಪುಮೀನಿನ ಉಗ್ರಾಣದಲ್ಲಿ ಬೆಳೆದವನಿಗೆ!
ನಕ್ಕ. ಆಮೇಲೆ ದೋಣಿ ಮಾರಿದ.

ಅಮ್ಮನದು ಇನ್ನೂ ಬೇರೆ: ಕಡೆಗಾಲದಲ್ಲಿ
ಗೋಡೆ ಸವರಿಕೊಂಡೇ ನಡೆಯುತ್ತಿದ್ದಳು. ದೀಪ ಆರಿಸಿದರೆ
ನಿಂತಲ್ಲೇ ತೂಗುವಳು. ವಯಸ್ಸು ಎಂದೆವು.
ಮನೆಗೆ ಬಣ್ಣ ಬಳಿಯುವಾಗ
ಅವಳ ಕೈಯೆತ್ತರದ ಆ ಜಿಡ್ಡುಗೆರೆಯೊಂದನ್ನು
ಬಿಟ್ಟು ಬಳಿದೆ.

ಬಸ್ಸು ಹಿಡಿದು ಲೆಕ್ನೆಸ್‌ಗೆ ಹೋದೆ, ತಲೆ ಅಲುಗಿಸದೆ,
ತುಂಬಿದ ಬಟ್ಟಲು ಹೊತ್ತವಳ ಹಾಗೆ.
ಅಲ್ಲಿ ಯೂಸ್ಟೈನ್ ಎಂಬ ಹುಡುಗ, ಬೆಚ್ಚನೆ ಕೈ.
"ಕಲ್ಲು ಜಾರಿದೆ" ಅಂದ. ಯಾವ ಕಲ್ಲು?
"ಕಿವಿಯ ಆಳದಲ್ಲಿ ಒಂದು ಅಂಟಿನ ಹಾಸು,
ಅದರ ಮೇಲೆ ಸುಣ್ಣದ ಹರಳು, ಪುಡಿಗಿಂತ ಪುಡಿ.
ನೀವು ಬಾಗಿದರೆ ಅವು ಜಗ್ಗುತ್ತವೆ; ಯಾವುದು ಕೆಳಗೆ
ಎಂದು ತಲೆಗೆ ತಿಳಿಯುವುದು ಆ ಭಾರದಿಂದ.
ಪಕ್ಕದಲ್ಲೇ ಮೂರು ಕಮಾನುಕೊಳವೆ, ನೀರು ತುಂಬಿದ್ದು,
ತಿರುವು ಅಳೆಯಲಿಕ್ಕೆ.
ಹರಳು ಕಳಚಿ ಅದರಲ್ಲೊಂದಕ್ಕೆ ಬಿದ್ದಿದೆ. ನೀವು ಹೊರಳಿದಿರಿ,
ನಿಂತಿರಿ. ಅದು ನಿಲ್ಲಲಿಲ್ಲ."

ಸುಮ್ಮನಾದೆ. ಈ ಕಲ್ಲು ನನಗೆ ಗೊತ್ತು.
ಆರು ವರ್ಷಕ್ಕೇ ಮೀನಿನ ನಾಲಿಗೆ ಕೊಯ್ದ ಕೈ ಇದು.
ಬುರುಡೆ ಸೀಳಿದರೆ ಮಿದುಳಿನ ಕೆಳಗೆ
ಎರಡು ಬಿಳಿ ಕಲ್ಲು, ಅವರೆಕಾಳಿನಂಥವು.
ಮೀನುಗಾರಿಕೆ ಇಲಾಖೆಯವರು ಮುರಿದು ನೋಡಿ
ಉಂಗುರ ಎಣಿಸುವರು, ಮರದ ದಿಮ್ಮಿಯಂತೆ:
ಎಂಟು ವರ್ಷ, ಹನ್ನೊಂದು ವರ್ಷ.
ಉಳಿದವುಗಳಲ್ಲಿ ನಾವು ಮಕ್ಕಳು ಗೋಲಿಯಾಡಿದೆವು.
ಎಷ್ಟು ಮೀನುಗಳ ಮೇಲು-ಕೆಳಗನ್ನು
ಜೇಬಿನಲ್ಲಿ ಹಾಕಿಕೊಂಡು ಕುಲುಕಿದ್ದೆ ನಾನು!

ಕತ್ತನ್ನು ಬಲಕ್ಕೆ ತಿರುಗಿಸಿ ಥಟ್ಟನೆ ಮಲಗಿಸಿದ,
ಮೇಜಿನಂಚಿಗೆ ತಲೆ ಇಳಿಬಿಟ್ಟು, ಮೀನಿನ ಹಾಗೆ.
ಕಣ್ಣು ಮುಚ್ಚಬೇಡಿ ಎಂದ. ಕೋಣೆ ಹಾರಿತು.
ನನ್ನ ಕಣ್ಣು ತುಡಿಯುವುದನ್ನು ನೋಡುತ್ತಿದ್ದ,
ಗಾಳದ ಬೆಂಡು ನೋಡುವವನಂತೆ.
ಕಾದು, ಎಡಕ್ಕೆ. ಕಾದು, ಭುಜದ ಮೇಲೆ ಹೊರಳಿ
ಮೂಗು ನೆಲಕ್ಕೆ. ನೆಲದಲ್ಲಿ ಯಾರದೋ ಬೂಟಿನ ಗುರುತು.
ಮತ್ತೆ ಮೆಲ್ಲಗೆ ಎಬ್ಬಿಸಿ ಕೂರಿಸಿದ.
ಮಾತ್ರೆ ಇಲ್ಲ, ಚೀಟಿ ಇಲ್ಲ.
"ಮರಳಿ ಬಂದರೂ ಬಂದೀತು" ಅಂದ, ಬಾಗಿಲಲ್ಲಿ.

ಸಂಜೆ ಅಟ್ಟದ ಕೆಳಗೆ ನಿಂತಿದ್ದೆ.
ಮೇಲಿನಿಂದ ಸಿನ್ನೋವೆ ಹೆಸರು ಹಿಡಿದು ಕೂಗಿದಳು,
ಹತ್ತೊಂಬತ್ತರ ಹುಡುಗಿ.
ಓ, ಎಂದೆ.
ತಲೆಯೆತ್ತುವ ಮೊದಲು
ಕಂಬಕ್ಕೊಂದು ಕೈ ಕೊಟ್ಟೆ.